ಬೆಳಗೊಳದ ಬೆಟ್ಟವೂ ನೋಯುವ ಮೊಣಕಾಲೂ

ಕನ್ನಡನಾಡಿನಲ್ಲಿ ಹುಟ್ಟಿದವರು ಒಮ್ಮೆಯಾದರೂ ನೋಡಬೇಕಾದ ಸ್ಥಳಗಳಲ್ಲಿ ಶ್ರವಣಬೆಳಗೊಳವು ಒಂದು. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಈ ಊರು ಎರಡು ಬಂಡೆಬೆಟ್ಟಗಳ ನಡುವೆ, ಒಂದು ಕೊಳವನ್ನು ಬಳಸಿಕೊಂಡು ನೆಲಸಿರುವುದು. ದಕ್ಷಿಣಕ್ಕೆ ವಿಂಧ್ಯಗಿರಿ, ಜನರ ಬಾಯಲ್ಲಿ ಅದು ದೊಡ್ಡಬೆಟ್ಟ. ಉತ್ತರಕ್ಕೆ ಚಂದ್ರಗಿರಿ, ಅದು ಚಿಕ್ಕಬೆಟ್ಟ. ಗಂಗರ ಅರಸನಾದ ರಾಚಮಲ್ಲನ ಮಂತ್ರಿ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಡಿಸಿದ ಗೊಮ್ಮಟೇಶ್ವರನ ಏಕಶಿಲಾಮೂರ್ತಿಯು ದೊಡ್ಡಬೆಟ್ಟದ ನೆತ್ತಿಯ ಮೇಲೆ ಸುಮಾರು ೫೭ ಅಡಿ ಎತ್ತರವಾಗಿ ನಿಂತಿದೆ. ಅದರ ಪಾದದ ಬಳಿಗೆ ಹೋಗಬೇಕಾದರೆ ಬಂಡೆಯಲ್ಲಿಯೇ ಕಡಿದಿರುವ ೬೦೦ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಪಾದರಕ್ಷೆಯಿಲ್ಲದೆ ಹತ್ತತಕ್ಕದ್ದು.

ಈ ಕೊನೆಯ ಮಾತನ್ನು ಕೇಳಿದೊಡನೆಯೇ ಎಷ್ಟೋ ಮನೆಗಳ ಹಿರಿಯರು ಯಾತ್ರೆಯ ಯೋಚನೆಯನ್ನು ಬಿಟ್ಟುಬಿಡುವರು. “ನೀವೆಲ್ಲರೂ ಹೋಗಿ ಬನ್ನಿ, ನಾನು ಕೆಳಗೆ ಕೊಳದ ಹತ್ತಿರ ಕುಳಿತಿರುತ್ತೇನೆ” ಎಂಬ ಮಾತು ಆ ಬೆಟ್ಟದ ಬುಡದಲ್ಲಿ ದಿನಕ್ಕೆ ಎಷ್ಟು ಬಾರಿ ಕೇಳಿಬರುವುದೋ! ಬುಡದಲ್ಲಿ ಕುಳಿತವರಿಗೆ ಭಕ್ತಿ ಕಡಮೆಯೆಂದಲ್ಲ, ಆಸೆ ಇಲ್ಲವೆಂದಲ್ಲ; ಅವರನ್ನು ತಡೆಯುವುದು ಮೊಣಕಾಲು. ಅಂತಹವರು ಬೆಟ್ಟವನ್ನು ಹತ್ತಬಹುದೆ, ಹತ್ತುವುದಾದರೆ ಹೇಗೆ, ಹತ್ತಲಾಗದಿದ್ದರೂ ಕಾಲನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಈ ಯಾತ್ರೆಯ ವೃತ್ತಾಂತದೊಡನೆ ವಾಚಕರ ಮುಂದಿಡುತ್ತೇನೆ.

ನನ್ನೊಡನೆ ಬಂದವರು ನಮ್ಮ ಅತ್ತಿಗೆ. ವಯಸ್ಸು ಅರವತ್ತೆರಡು. ಎರಡು ಮೊಣಕಾಲುಗಳಲ್ಲಿಯೂ ನೋವು, ಬಲಗಾಲಿನಲ್ಲಿ ಹೆಚ್ಚು. ಅವರಿಗೆ ನೋವಿಗಿಂತಲೂ ದೊಡ್ಡದಾಗಿದ್ದುದು ಒಂದು ಭಯ. ನಮ್ಮ ತಾಯಿಯವರಿಗೂ ಇದೇ ಬೇನೆ ಇದ್ದಿತು. ನೋಯುವ ಕಾಲಿಗೆ ವಿಶ್ರಾಂತಿಯೇ ಮದ್ದೆಂಬುದು ಅಂದಿನ ನಂಬಿಕೆ; ಬಂದವರೆಲ್ಲರೂ “ಕೂತುಕೊಳ್ಳಿ, ಏಳಬೇಡಿ” ಎಂದೇ ಹೇಳುತ್ತಿದ್ದರು. ಮೊದಲು ಬಾವಿಯ ಕಟ್ಟೆಗೆ ಹೋಗುವುದು ನಿಂತಿತು, ಆಮೇಲೆ ತುಳಸಿಯ ಕಟ್ಟೆ, ಆಮೇಲೆ ನಡುಮನೆ. ಕೊನೆಯ ಆರು ವರ್ಷ ಅವರು ಮಂಚವನ್ನು ಬಿಡಲಿಲ್ಲ. ಅಷ್ಟು ಕಾಲವೂ ಅವರನ್ನು ಎತ್ತಿ ಕೂರಿಸಿ, ಉಣಿಸಿ, ಆರೈಕೆ ಮಾಡಿದವರು ಈ ಅತ್ತಿಗೆಯೇ. ಆದಕಾರಣ ತಮ್ಮ ಮೊಣಕಾಲು ನೋಯತೊಡಗಿದಾಗ ಅವರ ಕಣ್ಣಿಗೆ ಕಟ್ಟಿದುದು ಆ ಮಂಚ. “ಗೊಮ್ಮಟನನ್ನು ನೋಡದಿದ್ದರೂ ಚಿಂತೆಯಿಲ್ಲವಪ್ಪ. ನನ್ನ ಸೊಸೆಗೆ ಆ ಕೆಲಸ ಬರಬಾರದು” ಎಂದು ಅವರು ಒಮ್ಮೆ ನನ್ನೊಡನೆ ಹೇಳಿದರು.

ವೈದ್ಯರು ಪರೀಕ್ಷಿಸಿ, ಇದು ವಯಸ್ಸಿನೊಡನೆ ಬರುವ ಸಂಧಿವಾತವೆಂದೂ ಇದಕ್ಕೆ ಆಸ್ಟಿಯೋ ಆರ್ಥ್ರೈಟಿಸ್ ಎಂದು ಹೆಸರೆಂದೂ ತಿಳಿಸಿದರು. ಅವರು ವಿವರಿಸಿದ ರೀತಿಯನ್ನು ಇಲ್ಲಿ ಹೇಳುವುದು ಉಚಿತ. ಕೀಲಿನಲ್ಲಿ ಕೂಡುವ ಎರಡು ಮೂಳೆಗಳ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಈ ಹೊದಿಕೆಯೊಳಗೆ ರಕ್ತನಾಳಗಳಿಲ್ಲ. ಹಾಗಾದರೆ ಅದಕ್ಕೆ ಆಹಾರವೆಲ್ಲಿಂದ? ಕೀಲಿನೊಳಗಿರುವ ಜಿಗುಟಾದ ದ್ರವದಿಂದ. ನಾವು ಹೆಜ್ಜೆಯಿಟ್ಟಾಗ ಹೊದಿಕೆ ಒತ್ತಲ್ಪಡುವುದು, ಹೆಜ್ಜೆ ಎತ್ತಿದಾಗ ಸಡಿಲವಾಗುವುದು. ನೀರಿನಲ್ಲಿ ಅದ್ದಿದ ಅರಿವೆಯನ್ನು ಹಿಂಡಿ ಬಿಟ್ಟಂತೆ, ಹಳೆಯ ದ್ರವ ಹೊರಕ್ಕೆ ಹೋಗಿ ಹೊಸದು ಒಳಕ್ಕೆ ಬರುವುದು. ಚಲನೆ ನಿಂತರೆ ಈ ಪೋಷಣೆಯೂ ಕುಂದುವುದು. ಇದಲ್ಲದೆ ಕೀಲಿನ ಭಾರವನ್ನು ಹಂಚಿಕೊಳ್ಳುವ ತೊಡೆಯ ಸ್ನಾಯುಗಳು ಕೆಲಸವಿಲ್ಲದೆ ಕೃಶವಾಗುವುವು, ಸ್ನಾಯು ಸೋತರೆ ಅದರ ಪಾಲಿನ ಭಾರವೂ ಕೀಲಿನ ಮೇಲೆಯೇ ಬೀಳುವುದು, ನೋವು ಹೆಚ್ಚುವುದು, ನೋವಿಗೆ ಅಂಜಿ ಮನುಷ್ಯನು ಇನ್ನಷ್ಟು ಕೂರುವನು. ಮಂಚದ ದಾರಿ ಇದೇ.

ಮೊಣಕಾಲು ಗಾಡಿಯ ಅಚ್ಚಿನಂತೆ, ಉರುಳಿದಷ್ಟೂ ಸವೆಯುವುದೆಂದು ನಾವು ಭಾವಿಸುವುದುಂಟು. ಅಚ್ಚಿಗೆ ಜೀವವಿಲ್ಲ, ಕೀಲಿಗೆ ಜೀವವಿದೆ. ಜೀವವಿರುವ ವಸ್ತುವು ಹದವಾದ ಬಳಕೆಯಿಂದ ಬಲಗೊಳ್ಳುವುದು. ಆದರೆ ಹದವೆಂಬ ಮಾತನ್ನು ಇಲ್ಲಿ ಮರೆಯಕೂಡದು. ಸಮನೆಲದಲ್ಲಿ ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಒತ್ತಡವು ದೇಹದ ತೂಕದ ಎರಡೂವರೆ ಪಟ್ಟಿನಷ್ಟು. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗೂ ಮೇಲು. ಇಳಿಯುವಾಗ ಅದಕ್ಕಿಂತಲೂ ತುಸು ಹೆಚ್ಚು. ಆದುದರಿಂದ ಬೆಟ್ಟಕ್ಕೆ ಹೋಗುವವರು ಮನೆಯಲ್ಲಿಯೇ ಸಿದ್ಧತೆಯನ್ನು ಮಾಡಿಕೊಂಡಿರಬೇಕು.

ಅತ್ತಿಗೆಯವರ ಸಿದ್ಧತೆ ನಾಲ್ಕು ತಿಂಗಳು ನಡೆಯಿತು. ಫಿಸಿಯೋಥೆರಪಿಸ್ಟರು ಕಲಿಸಿದ ವ್ಯಾಯಾಮಗಳು ಮೂರೇ. ಮೊದಲನೆಯದು, ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿ ಐದು ಎಣಿಸುವವರೆಗೆ ಹಿಡಿದು ಮೆಲ್ಲಗೆ ಇಳಿಸುವುದು. ಎರಡನೆಯದು, ಅಂಗಾತ ಮಲಗಿ ಒಂದು ಮೊಣಕಾಲನ್ನು ಮಡಿಸಿಟ್ಟು, ಇನ್ನೊಂದು ಕಾಲನ್ನು ಬಗ್ಗಿಸದೆ ಗೇಣಷ್ಟು ಮೇಲಕ್ಕೆತ್ತುವುದು. ಮೂರನೆಯದು, ಎತ್ತರವಾದ ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಪ್ರತಿಯೊಂದೂ ಹತ್ತು ಬಾರಿ, ದಿನಕ್ಕೆ ಎರಡು ಹೊತ್ತು. ಇದರೊಡನೆ ಸಮನೆಲದ ನಡಿಗೆ: ಮೊದಲು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ವಾರಕ್ಕೆ ಎರಡೆರಡು ನಿಮಿಷದಂತೆ ಹೆಚ್ಚಿಸಿ ನಾಲ್ಕನೆಯ ತಿಂಗಳಿಗೆ ಒಂದೇ ಬಾರಿ ಅರ್ಧ ಗಂಟೆ. ಕೊನೆಯ ತಿಂಗಳಲ್ಲಿ ಮಹಡಿಯ ಮೆಟ್ಟಿಲುಗಳ ಅಭ್ಯಾಸವೂ ಸೇರಿತು.

ಆಹಾರದಲ್ಲಿ ಕರಿದ ತಿಂಡಿಯನ್ನೂ ಎರಡನೆಯ ಬಾರಿ ಬಡಿಸಿಕೊಳ್ಳುವ ಅನ್ನವನ್ನೂ ಬಿಟ್ಟುದರಿಂದ ನಾಲ್ಕು ಕಿಲೋ ತೂಕ ಇಳಿಯಿತು. ನಾಲ್ಕು ಕಿಲೋ ಏನು ಮಹಾ ಎನ್ನಬಾರದು. ದೇಹದಲ್ಲಿ ಒಂದು ಕಿಲೋ ಕಡಮೆಯಾದರೆ ಹೆಜ್ಜೆಯೊಂದಕ್ಕೆ ಮೊಣಕಾಲಿನ ಮೇಲಿನ ಒತ್ತಡವು ನಾಲ್ಕು ಕಿಲೋದಷ್ಟು ಕಡಮೆಯಾಗುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ತರಕಾರಿ ಹೆಚ್ಚುವುದನ್ನು ಬಿಟ್ಟು ಮೇಜನ್ನೂ ಎತ್ತರದ ಮಣೆಯನ್ನೂ ಉಪಯೋಗಿಸಿದುದು, ಬಚ್ಚಲಿನ ಗೋಡೆಗೆ ಒಂದು ಹಿಡಿಯನ್ನು ಹಾಕಿಸಿದುದು, ಇವೂ ಉಪಕಾರವಾದುವು.

ಊರುಗೋಲಿನ ವಿಷಯದಲ್ಲಿ ಮಾತ್ರ ಅವರು ಒಪ್ಪಲಿಲ್ಲ. “ಕೋಲು ಹಿಡಿದರೆ ಮುದುಕಿಯಾದೆನೆಂದು ನಾನೇ ಡಂಗುರ ಹೊಡೆದಂತೆ” ಎಂದರು. ಕೋಲನ್ನು ನಾನು ಸುಮ್ಮನೆ ಗಂಟಿನೊಡನೆ ಕಟ್ಟಿಕೊಂಡೆನು.

ಬೆಂಗಳೂರು ಮತ್ತು ಹಾಸನಗಳ ನಡುವಣ ನೇರ ರೈಲುಮಾರ್ಗವು ೨೦೧೭ರಲ್ಲಿ ತೆರೆದ ಮೇಲೆ ಬೆಳಗೊಳಕ್ಕೆ ರೈಲಿನಲ್ಲಿಯೇ ಹೋಗುವ ಅನುಕೂಲವಾಗಿದೆ. ಮೊಣಕಾಲು ನೋವಿನವರಿಗೆ ಮೋಟಾರಿಗಿಂತ ರೈಲು ಮೇಲು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕುಳಿತರೆ ಕೀಲು ಬಿಗಿದುಕೊಳ್ಳುವುದು ಈ ರೋಗದ ಸ್ವಭಾವ. ರೈಲಿನಲ್ಲಾದರೆ ಅರ್ಧ ಗಂಟೆಗೊಮ್ಮೆ ಎದ್ದು ಡಬ್ಬಿಯ ಈ ತುದಿಯಿಂದ ಆ ತುದಿಗೆ ಆಸರೆ ಹಿಡಿದು ನಡೆದು ಬರಬಹುದು. ಮೋಟಾರಿನಲ್ಲಿ ಹೋಗುವವರು ದಾರಿಯಲ್ಲಿ ಎರಡು ಮೂರು ಬಾರಿ ಇಳಿದು ಕಾಲಾಡಿಸುವುದು ಒಳ್ಳೆಯದು.

ನಾವು ಊರನ್ನು ಸೇರಿದಾಗ ಮಧ್ಯಾಹ್ನ ಕಳೆದಿತ್ತು. ವಿಶ್ರಮಿಸಿಕೊಂಡು, ಬಿಸಿಲು ಇಳಿದ ಮೇಲೆ ಮೊದಲು ಚಿಕ್ಕಬೆಟ್ಟಕ್ಕೆ ಹೊರಟೆವು. ಯಾತ್ರಿಕರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನು ಹತ್ತಿ ದಣಿದು ಚಿಕ್ಕಬೆಟ್ಟವನ್ನು ನೋಡದೆಯೇ ಹಿಂದಿರುಗುವರು. ನೋಯುವ ಕಾಲಿನವರಿಗೆ ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಲೇಸು. ಚಿಕ್ಕಬೆಟ್ಟದ ಎತ್ತರವು ದೊಡ್ಡಬೆಟ್ಟದ ಅರ್ಧಕ್ಕಿಂತಲೂ ಕಡಮೆ. ಕಾಲಿನ ಶಕ್ತಿಯನ್ನು ಅಳೆದು ನೋಡಲು ತಕ್ಕ ಸ್ಥಳ. ಚಂದ್ರಗುಪ್ತ ಮೌರ್ಯನು ಗುರುವಾದ ಭದ್ರಬಾಹುವಿನೊಡನೆ ಬಂದು ತನ್ನ ಕೊನೆಯ ದಿನಗಳನ್ನು ಕಳೆದನೆಂದು ಜೈನ ಸಂಪ್ರದಾಯವು ಹೇಳುವುದು ಈ ಬೆಟ್ಟವನ್ನೇ. ಒಂದೇ ಪ್ರಾಕಾರದೊಳಗೆ ಪಾರ್ಶ್ವನಾಥ ಬಸದಿ, ಕತ್ತಲೆ ಬಸದಿ, ಚಂದ್ರಗುಪ್ತ ಬಸದಿ, ಚಾವುಂಡರಾಯ ಬಸದಿಗಳು ಒತ್ತೊತ್ತಾಗಿ ನಿಂತಿವೆ. ಬಂಡೆಯ ಮೇಲೆಲ್ಲ ಶಾಸನಗಳು. ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ ಮುನಿಗಳನ್ನೂ ಆರ್ಯಿಕೆಯರನ್ನೂ ನೆನೆಯುವ ಬರಹಗಳು ಅವುಗಳಲ್ಲಿ ಅನೇಕ.

ಅತ್ತಿಗೆಯವರು ಮೂವತ್ತು ಮೆಟ್ಟಿಲಿಗೊಮ್ಮೆ ನಿಂತು, ಕಂಬಿಯ ಆಸರೆ ಸಿಕ್ಕಲ್ಲಿ ಹಿಡಿದು, ಮೇಲಕ್ಕೆ ಬಂದರು. ಗೊಮ್ಮಟನು ನಿಂತಿರುವುದು ಉತ್ತರಾಭಿಮುಖವಾಗಿ; ಆದುದರಿಂದ ಚಿಕ್ಕಬೆಟ್ಟದ ಮೇಲಿನಿಂದ ಎದುರು ನೋಡಿದರೆ ಊರನ್ನೂ ಕೊಳವನ್ನೂ ದಾಟಿ, ಪ್ರಾಕಾರದ ಗೋಡೆಯ ಮೇಲೆ ಆತನ ತಲೆಯೂ ಭುಜಗಳೂ ಕಾಣುವುವು. ಸಂಜೆಯ ಬೆಳಕು ಆ ಮುಖದ ಮೇಲೆ ಬಿದ್ದಿತ್ತು. ಅವರು ಕೈಮುಗಿದು, “ನಾಳೆ ಆಗದೆ ಹೋದರೂ ದರ್ಶನವಂತೂ ಆಯಿತು” ಎಂದರು. ದೊಡ್ಡಬೆಟ್ಟವನ್ನು ಹತ್ತಲಾರದ ಹಿರಿಯರನ್ನು ಕರೆದುಕೊಂಡು ಬರುವವರು ಈ ಸ್ಥಳವನ್ನು ನೆನಪಿನಲ್ಲಿಡಬೇಕು.

ರಾತ್ರಿ ಬಿಸಿನೀರಿನ ಶಾಖವಾಯಿತು. ಮರುದಿನ ಬೆಳಗ್ಗೆ ಊತವಿರಲಿಲ್ಲ, ನೋವು ಎಂದಿನಷ್ಟೇ. ವೈದ್ಯರು ಕೊಟ್ಟಿದ್ದ ಅಳತೆಗೋಲು ಇದು: ಶ್ರಮದಿಂದ ಹೆಚ್ಚಿದ ನೋವು ರಾತ್ರಿ ಕಳೆಯುವಷ್ಟರಲ್ಲಿ ಎಂದಿನ ಮಟ್ಟಕ್ಕೆ ಇಳಿದರೆ ಆ ಶ್ರಮವು ಹದವಾದುದು, ಮರುದಿನವೂ ಹೆಚ್ಚಾಗಿಯೇ ಉಳಿದರೆ, ಅಥವಾ ಕೀಲು ಊದಿದರೆ, ಅಂದು ಬಿಡುವು ಕೊಟ್ಟು ಮುಂದೆ ಅಷ್ಟನ್ನು ಮಾಡಕೂಡದು. ಈ ಒಂದು ಅಳತೆಯನ್ನು ತಿಳಿದಿದ್ದರೆ ನೋವಿಗೆ ವೃಥಾ ಹೆದರಬೇಕಾಗಿಲ್ಲ; ನೋವನ್ನು ಕಡೆಗಣಿಸಿ ಹಟಮಾಡಬೇಕಾಗಿಯೂ ಇಲ್ಲ.

ಬಂಡೆ ಕಾಯುವುದಕ್ಕೆ ಮುಂಚೆಯೇ ದೊಡ್ಡಬೆಟ್ಟದ ಬುಡದಲ್ಲಿದ್ದೆವು. ಪಾದರಕ್ಷೆಗಳನ್ನು ಕೆಳಗೆ ಬಿಟ್ಟು, ಅತ್ತಿಗೆಯವರು ದಪ್ಪನೆಯ ಕಾಲುಚೀಲಗಳನ್ನು ಹಾಕಿಕೊಂಡರು. ಡೋಲಿಯವರೊಡನೆ ಮೊದಲೇ ಮಾತನಾಡಿಟ್ಟುಕೊಂಡೆವು. ಡೋಲಿಯಲ್ಲಿ ಕುಳಿತು ಹೋಗುವುದರಲ್ಲಿ ಅವಮಾನವಿಲ್ಲ. ಆದರೆ ಎಲ್ಲಿಂದ ಎಲ್ಲಿಗೆ ಅದು ಬೇಕೆಂಬುದನ್ನು ಯೋಚಿಸಬೇಕು. ಎಲ್ಲರೂ ಹತ್ತುವುದಕ್ಕೆ ಡೋಲಿಯನ್ನು ಹುಡುಕುವರು. ಏದುಸಿರು ಬರುವುದು ಹತ್ತುವಾಗ, ನಿಜ. ಮೊಣಕಾಲಿಗೆ ಹೆಚ್ಚಿನ ಪೆಟ್ಟು ಮಾತ್ರ ಇಳಿಯುವಾಗ. ಎದೆ ಗಟ್ಟಿಯಾಗಿದ್ದು ಕಾಲು ಮಾತ್ರ ನೋಯುವವರಿಗೆ ಇಳಿಯುವುದಕ್ಕೇ ಅದರ ಅಗತ್ಯ ಹೆಚ್ಚು.

ಮೆಟ್ಟಿಲು ಹತ್ತುವುದಕ್ಕೂ ಒಂದು ಕ್ರಮವುಂಟು. ಹತ್ತುವಾಗ ನೋವು ಕಡಮೆಯಿರುವ ಕಾಲನ್ನು ಮೊದಲು ಮೇಲಕ್ಕಿಟ್ಟು, ನೋಯುವ ಕಾಲನ್ನು ಅದೇ ಮೆಟ್ಟಿಲಿಗೆ ತರಬೇಕು. ಇಳಿಯುವಾಗ ನೋಯುವ ಕಾಲು ಮೊದಲು ಕೆಳಕ್ಕೆ. ದೇಹವನ್ನು ಎತ್ತುವ ಕೆಲಸವೂ ತಡೆದು ಇಳಿಸುವ ಕೆಲಸವೂ ಹೀಗೆ ಬಲವಾದ ಕಾಲಿಗೆ ಸೇರುವುದು. ಅತ್ತಿಗೆಯವರು ಬಲಗಾಲು ನೋಯುವವರಾದುದರಿಂದ ಎಡಗಾಲಿನಿಂದ ಆರಂಭಿಸಿದರು. ಎರಡು ಸಲ ಕುಳಿತು, ಹಲವು ಸಲ ನಿಂತು, ಒಂದು ಗಂಟೆಯ ಹೊತ್ತಿಗೆ ಒದೆಗಲ್ ಬಸದಿಯನ್ನು ಸೇರಿದೆವು.

ಮೂರು ಗರ್ಭಗೃಹಗಳುಳ್ಳ ಈ ಬಸದಿಗೆ ಆ ಹೆಸರು ಬಂದ ಕಾರಣ ಸ್ವಾರಸ್ಯವಾಗಿದೆ. ಗೋಡೆಗಳು ಬೀಳದಿರಲೆಂದು ಹೊರಗಡೆಯಿಂದ ಉದ್ದನೆಯ ಕಲ್ಲುಗಳನ್ನು ಓರೆಯಾಗಿ ಆನಿಸಿ ನಿಲ್ಲಿಸಿದ್ದಾರೆ. ಆಸರೆಯಾಗಿ ಕೊಟ್ಟ ಇಂತಹ ಕಲ್ಲೇ ಒದೆಗಲ್ಲು. ಆಸರೆಯ ಬಲದಿಂದ ಬಸದಿಯು ಇಂದಿಗೂ ನೆಟ್ಟಗಿದೆ. ಆ ಆಸರೆಯೇ ಅದರ ಹೆಸರಾಗಿದೆ. ಅತ್ತಿಗೆಯವರು ಆ ಕಲ್ಲುಗಳನ್ನು ಸ್ವಲ್ಪ ಹೊತ್ತು ನೋಡಿದರು. ಬಳಿಕ ನನ್ನ ಕಡೆಗೆ ಕೈಚಾಚಿ, “ಎಲ್ಲಿ, ಆ ಕೋಲನ್ನು ಕೊಡು. ಬಸದಿಗೇ ಊರುಗೋಲಿರುವಾಗ ನನಗಿದ್ದರೆ ಏನಂತೆ?” ಎಂದರು. ಕೋಲನ್ನು ಹಿಡಿಯಬೇಕಾದುದು ನೋಯುವ ಕಾಲಿನ ಎದುರು ಕೈಯಲ್ಲಿ ಎಂದು ತಿಳಿಸಿ ಅದನ್ನು ಅವರ ಎಡಗೈಗೆ ಕೊಟ್ಟೆನು. ಬಲಗಾಲು ನೆಲವನ್ನು ಮುಟ್ಟುವಾಗ ಎಡಗೈಯ ಕೋಲೂ ನೆಲವನ್ನು ಮುಟ್ಟಿದರೆ ಭಾರವು ಹಂಚಿಹೋಗುವುದು.

ಮುಂದೆ ತ್ಯಾಗದ ಬ್ರಹ್ಮದೇವ ಕಂಬ. ಅದರಾಚೆ ಒಂದೇ ಬಂಡೆಯಲ್ಲಿ ಕೊರೆದ ಅಖಂಡ ಬಾಗಿಲು, ಅದರ ಮೇಲೆ ಗಜಲಕ್ಷ್ಮಿ. ಅಲ್ಲಿಂದ ಕೆಲವು ಮೆಟ್ಟಿಲುಗಳನ್ನು ಹತ್ತಿ ಪ್ರಾಕಾರದೊಳಗೆ ಕಾಲಿಟ್ಟರೆ, ಇದುವರೆಗೆ ದೂರದಿಂದ ಕಂಡ ಆ ಮೂರ್ತಿಯು ಒಮ್ಮೆಗೇ ಪಾದದಿಂದ ಶಿರಸ್ಸಿನವರೆಗೆ ಎದುರು ನಿಲ್ಲುವುದು. ನೋಡುವವರ ಮಾತು ತಾನಾಗಿ ನಿಂತುಹೋಗುವುದು. ಬಾಹುಬಲಿಯು ಒಂದು ವರುಷ ಅಲುಗದೆ ನಿಂತು ತಪಸ್ಸು ಮಾಡಿದನೆಂದೂ, ಹುತ್ತಗಳು ಬೆಳೆದು ಬಳ್ಳಿಗಳು ಹಬ್ಬಿದುವೆಂದೂ ಕಥೆ. ಶಿಲ್ಪಿಯು ಕಾಲಿನ ಪಕ್ಕದಲ್ಲಿ ಹಾವುಗಳು ತಲೆಯೆತ್ತಿರುವ ಹುತ್ತಗಳನ್ನೂ, ತೊಡೆ ತೋಳುಗಳನ್ನು ಸುತ್ತಿರುವ ಬಳ್ಳಿಯನ್ನೂ ಕಂಡರಿಸಿದ್ದಾನೆ. ಎಲ್ಲವನ್ನೂ ಬಿಟ್ಟವನಿಗೆ ಆ ನಿಶ್ಚಲತೆ ಒಪ್ಪುವುದು. ಸಂಸಾರದಲ್ಲಿದ್ದು ನಾಲ್ಕು ಜನರ ನಡುವೆ ಬಾಳಬೇಕಾದ ನಮ್ಮಂತಹವರ ಕಾಲಿಗೆ ಬಳ್ಳಿ ಹಬ್ಬಕೂಡದು. ನಮ್ಮ ಕೀಲಿಗೆ ಚಲನೆಯೇ ಆಹಾರ.

ಪ್ರಾಕಾರದ ಹೊರಗೆ, ಬಾಗಿಲಿನೆದುರು ಗುಳ್ಳಕಾಯಜ್ಜಿಯ ಮೂರ್ತಿಯಿದೆ. ಚಾವುಂಡರಾಯನು ಕೊಡಗಟ್ಟಲೆ ಹಾಲನ್ನು ಸುರಿಸಿದರೂ ಅಭಿಷೇಕವು ಮೂರ್ತಿಯ ತೊಡೆಗಳಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ಅಷ್ಟೇ ಹಾಲು ಅಡಿಯವರೆಗೂ ಹರಿಯಿತಂತೆ. ಅತ್ತಿಗೆಯವರಿಗೆ ಗೊಮ್ಮಟನಷ್ಟೇ ಈ ಅಜ್ಜಿಯೂ ಮೆಚ್ಚಾದಳು. ನಾಲ್ಕು ತಿಂಗಳು ಅವರು ದಿನದಿನವೂ ಮಾಡಿದ ಹತ್ತು ನಿಮಿಷದ ಸಾಧನೆಯೂ ಚಿಪ್ಪಿನ ಹಾಲಿನಷ್ಟೇ ಆಗಿದ್ದಿತಲ್ಲವೆ?

ಇಳಿಯುವಾಗ ಅವರು ಕೋಲನ್ನೂರಿ ಸುಮಾರು ಅರ್ಧ ದಾರಿ ಬಂದರು. ಅಲ್ಲಿ ಬಲಮೊಣಕಾಲು ಇರಿಯತೊಡಗಿತು. ಇನ್ನೂ ಸ್ವಲ್ಪ ದೂರ ತಾನೆ, ನಡೆದೇಬಿಡೋಣವೆಂಬ ಆಸೆ ಅವರ ಮುಖದಲ್ಲಿ ಕಂಡಿತು. ಆದರೆ ಕೆಳಗೆ ನೋಡಿ, ಒಂದು ನಿಮಿಷ ಯೋಚಿಸಿ, “ಡೋಲಿಯವರನ್ನು ಕೂಗು. ಇವತ್ತಿನ ಹಟಕ್ಕೆ ನಾಳೆಯ ನಡಿಗೆಯನ್ನು ಕೊಡುವುದು ಬೇಡ” ಎಂದರು. ಆ ದಿನ ಅವರು ಹತ್ತಿದ ಮೆಟ್ಟಿಲುಗಳಿಗಿಂತಲೂ ಆ ಮಾತು ದೊಡ್ಡದೆಂದು ನನಗೆ ತೋರಿತು. ಮೂರನೆಯ ದಿನ ಬೆಂಗಳೂರಿನಲ್ಲಿ ಅವರು ಎಂದಿನಂತೆ ಬೆಳಗಿನ ನಡಿಗೆಗೆ ಹೊರಟರು.

ಈ ವೃತ್ತಾಂತವನ್ನು ಓದಿ ಎಲ್ಲರೂ ಬೆಟ್ಟಕ್ಕೆ ಹೊರಡಬೇಕೆಂದು ನನ್ನ ಅಭಿಪ್ರಾಯವಲ್ಲ. ಸಂಧಿವಾತದಲ್ಲಿ ಹಲವು ಬಗೆಗಳುಂಟು. ಕೈಬೆರಳಿನ ಸಣ್ಣ ಕೀಲುಗಳು ಎರಡು ಕೈಗಳಲ್ಲಿಯೂ ಊದಿ, ಬೆಳಗಿನ ಬಿಗಿತವು ಗಂಟೆಗಟ್ಟಲೆ ಬಿಡದಿದ್ದರೆ ಅದು ರುಮಟಾಯ್ಡ್ ಜಾತಿಯದಾಗಿರಬಹುದು. ಅದಕ್ಕೆ ರೋಗವನ್ನೇ ಹಿಡಿದು ನಿಲ್ಲಿಸುವ ಔಷಧಗಳು ಈಗ ಇವೆ. ಅವನ್ನು ತಡಮಾಡದೆ ಆರಂಭಿಸಿದರೆ ಕೀಲುಗಳು ವಿಕಾರವಾಗದಂತೆ ಬಹುಮಟ್ಟಿಗೆ ತಡೆಯಬಹುದು. ಕೀಲು ಕೆಂಪಾಗಿ ಬಿಸಿಯೇರಿ ಊದಿದ್ದರೆ, ಜ್ವರವಿದ್ದರೆ, ಇದ್ದಕ್ಕಿದ್ದಂತೆ ಕಾಲೂರಲಾಗದಿದ್ದರೆ ವ್ಯಾಯಾಮವನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಎದೆಯ ಬೇನೆಯುಳ್ಳವರು ಅವರ ಅಪ್ಪಣೆಯಿಲ್ಲದೆ ಮೆಟ್ಟಿಲು ಹತ್ತಬಾರದು. ನೋವಿನ ಮಾತ್ರೆಗಳನ್ನು ತಾವೇ ಕೊಂಡು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಗಳಿಗೂ ಅಪಾಯ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಸಿರುವುದೂ ಉಂಟು. ಎಲ್ಲ ಉಪಾಯಗಳನ್ನು ಮಾಡಿಯೂ ನೋವು ರಾತ್ರಿಯ ನಿದ್ದೆಯನ್ನು ಕೆಡಿಸುವಷ್ಟಾದರೆ ಶಸ್ತ್ರಚಿಕಿತ್ಸೆಯಿಂದ ಮೊಣಕಾಲಿನ ಕೀಲನ್ನು ಬದಲಾಯಿಸುವ ಮಾರ್ಗವಿದೆ. ಆಗಲೂ ಬಲವಾದ ತೊಡೆಯಿರುವವರು ಬೇಗ ಚೇತರಿಸಿಕೊಳ್ಳುವರು.

ವಾರಕ್ಕೆ ೧೫೦ ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯು ವಯಸ್ಸಾದವರಿಗೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ದಿನಕ್ಕೆ ಇಪ್ಪತ್ತೆರಡು ನಿಮಿಷವಾಯಿತು. ಅಷ್ಟಾಗದವರು ಆದಷ್ಟು ಮಾಡಲಿ. ಎರಡು ಮೂರು ಭಾಗ ಮಾಡಿಕೊಂಡು ನಡೆಯಲಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಕೈಯಿಂದ ಕೆಲಸವನ್ನೆಲ್ಲ ಕಿತ್ತುಕೊಂಡು ಕೂರಿಸುವುದಕ್ಕಿಂತ, ಸಂಜೆ ಅವರ ಜೊತೆಯಲ್ಲಿ ಬೀದಿಯ ಕೊನೆಯವರೆಗೆ ಅವರ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆದು ಬರುವುದು ಹೆಚ್ಚಿನ ಸೇವೆ. ಬೆಳಗೊಳದ ಬೆಟ್ಟವು ಸಾವಿರ ವರ್ಷಗಳಿಂದ ಅಲ್ಲಿಯೇ ಇದೆ, ಅದಕ್ಕೆ ಅವಸರವಿಲ್ಲ. ಕಾಲಿನ ಆರೈಕೆಯನ್ನು ಮಾತ್ರ ನಾಳೆಗೆ ಹಾಕಬಾರದು.